ಸೊಲ್ಲಾಪುರದ ಡಾ. ಕೋಟ್ನಿಸ್ ಹೆಸರು ಸೂಜಿ ಚಿಕಿತ್ಸೆಗೆ ಅಂಟಿಕೊಂಡದ್ದು ಹೇಗೆ?

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬೈ. ಬೆಳಗ್ಗೆ ಲೋಕಲ್ ಹಿಡಿದು ಮುಂಬೈಗೆ ಹೋಗಿ ರಾತ್ರಿ ಮರಳುವವರ ಊರುಗಳಿವು. ಗಂಟೆಗಟ್ಟಲೆ ನಿಂತುಕೊಂಡೇ ಪ್ರಯಾಣ, ಸ್ಟೇಷನ್ ಸೇತುವೆಯ ಮೆಟ್ಟಿಲು ಹತ್ತಿ ಇಳಿಯುವ ಕಷ್ಟ. ನಲವತ್ತು ದಾಟುವಷ್ಟರಲ್ಲಿ ಸೊಂಟ ನೋವು, ಮಂಡಿ ನೋವು, ಕುತ್ತಿಗೆ ನೋವು ಇಲ್ಲಿ ಹಲವರ ಮನೆಯ ಮಾತು. ಮಾತ್ರೆ ನುಂಗಿ ಸಾಕಾದವರು ಯಾರೋ ಹೇಳಿದರೆಂದು ಅಕ್ಯುಪಂಕ್ಚರ್ ಕ್ಲಿನಿಕ್‌ನ ಬಾಗಿಲು ತಟ್ಟುವುದುಂಟು. ಈ ಊರುಗಳಲ್ಲಿ ನೆಲೆಸಿರುವ ಸಾವಿರಾರು ಕನ್ನಡ ಕುಟುಂಬಗಳಿಗೂ ಇದು ಹೊಸದೇನಲ್ಲ.

ಈ ಸೂಜಿ ಚೀನಾದಿಂದ ಬಂದದ್ದು ಎಂಬುದು ಎಲ್ಲರಿಗೂ ಗೊತ್ತು. ಅದು ಭಾರತಕ್ಕೆ ಬಂದ ದಾರಿಯಲ್ಲಿ ಸೊಲ್ಲಾಪುರದ ಯುವಕನೊಬ್ಬನ ಬದುಕು ಮತ್ತು ಸಾವು ಇದೆ ಎಂಬುದು ಹಲವರಿಗೆ ಗೊತ್ತಿಲ್ಲ. ಆತ ಡಾ. ದ್ವಾರಕಾನಾಥ ಕೋಟ್ನಿಸ್. ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬರುವ ರೈಲುಗಳು ಇಂದಿಗೂ ಪುಣೆ ದಾಟಿ ಕಲ್ಯಾಣದ ಮೂಲಕವೇ ಮುಂಬೈ ಸೇರುತ್ತವೆ. 1930ರ ದಶಕದಲ್ಲಿ ಡಾಕ್ಟರಾಗುವ ಕನಸು ಹೊತ್ತು ಕೋಟ್ನಿಸ್ ಮುಂಬೈಗೆ ಬಂದ ಕಾಲಕ್ಕೂ ಇದ್ದದ್ದು ಇದೇ ಹಳಿ.

ಕೋಟ್ನಿಸ್ ಶಸ್ತ್ರಚಿಕಿತ್ಸಕರು. ಅವರ ಕೆಲಸ ಕತ್ತರಿ, ಚಾಕುವಿನದು. ಆದರೂ ಭಾರತದಲ್ಲಿ ಸೂಜಿ ಚಿಕಿತ್ಸೆಯ ಆಸ್ಪತ್ರೆ, ಸಮಿತಿಗಳಿಗೆ ಅವರ ಹೆಸರಿದೆ. ಯಾಕೆ? ಅದನ್ನು ತಿಳಿಯಲು ಅವರ ಕಥೆಯನ್ನು ಮೊದಲಿನಿಂದ ನೋಡಬೇಕು.

ಗಿರಣಿ ಊರಿನ ಹುಡುಗ

ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಶಿವಯೋಗಿ ಸಿದ್ಧರಾಮೇಶ್ವರರ ಊರು ಅದು. ಕನ್ನಡ, ಮರಾಠಿ, ತೆಲುಗು ಒಂದೇ ಓಣಿಯಲ್ಲಿ ಕೇಳಿಬರುವ ಗಡಿಪಟ್ಟಣ. ಹತ್ತಿ ಗಿರಣಿಗಳು, ಕೈಮಗ್ಗಗಳು ಊರಿಗೆಲ್ಲ ಅನ್ನ ಕೊಡುತ್ತಿದ್ದ ಕಾಲ. ತಂದೆ ಶಾಂತಾರಾಮ ಅವರು ಗಿರಣಿಯೊಂದರಲ್ಲಿ ನೌಕರಿಯಲ್ಲಿದ್ದರು. ಮಕ್ಕಳು ಹಲವರಿದ್ದ ದೊಡ್ಡ ಸಂಸಾರ, ಮಧ್ಯಮ ವರ್ಗದ ಆದಾಯ.

ಅವರು ಬೆಳೆದ ಸೊಲ್ಲಾಪುರ ಸುಮ್ಮನೆ ಕುಳಿತ ಊರಾಗಿರಲಿಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿ ಬಂಧನದ ಸುದ್ದಿ ಬಂದಾಗ ಇಲ್ಲಿನ ಜನ ಬೀದಿಗಿಳಿದರು. ಕೆಲವು ದಿನ ಬ್ರಿಟಿಷ್ ಆಡಳಿತವೇ ನಿಂತುಹೋಗಿ, ಕೊನೆಗೆ ಸೈನಿಕ ಕಾನೂನು ಹೇರಬೇಕಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂಧೆ ಎಂಬ ನಾಲ್ವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಲಾಯಿತು. ಆಗ ಕೋಟ್ನಿಸ್‌ಗೆ ಇಪ್ಪತ್ತು ವರ್ಷ.

ವೈದ್ಯ ಶಿಕ್ಷಣಕ್ಕೆ ಅವರು ಸೇರಿದ್ದು ಮುಂಬೈ ಪರೇಲ್‌ನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು. ಕೆಇಎಂ ಆಸ್ಪತ್ರೆಗೆ ಸೇರಿದ ಈ ಕಾಲೇಜು ಶುರುವಾದದ್ದೇ ಭಾರತೀಯ ವೈದ್ಯರೇ ಕಲಿಸಬೇಕು ಎಂಬ ಹಟದಿಂದ. ಎಂಬಿಬಿಎಸ್ ಮುಗಿಸಿ ಮುಂದಿನ ಓದಿಗೆ ಸಿದ್ಧತೆ ನಡೆಸುತ್ತಿದ್ದಾಗ ಅವರ ದಾರಿಯೇ ಬದಲಾಯಿತು.

ಮುಂಬೈನಿಂದ ಹೊರಟ ಹಡಗು

1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧ ಆರಂಭಿಸಿತ್ತು. ಗಾಯಾಳುಗಳಿಗೆ ಡಾಕ್ಟರುಗಳೇ ಇಲ್ಲ. ಚೀನಾದ ಸೇನಾನಿ ಝು ದೆ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ನೆರವು ಕೇಳಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ದೇಶದ ಜನರಲ್ಲಿ ಮನವಿ ಮಾಡಿದರು. ಸ್ವತಃ ಗುಲಾಮಗಿರಿಯಲ್ಲಿದ್ದ ದೇಶ ಇನ್ನೊಂದು ದೇಶದ ನೋವಿಗೆ ಚಂದಾ ಎತ್ತಿ 22,000 ರೂಪಾಯಿ ಕೂಡಿಸಿತು. ಆಂಬುಲೆನ್ಸ್, ಔಷಧಿಗಳ ಜತೆ ಐವರು ವೈದ್ಯರ ತಂಡ ಸಿದ್ಧವಾಯಿತು.

ತಂಡದ ನಾಯಕ ಅಲಹಾಬಾದಿನ ಡಾ. ಮದನ್‌ಮೋಹನ್ ಲಾಲ್ ಅಟಲ್. ನಾಗಪುರದ ಡಾ. ಎಂ.ಆರ್. ಚೋಳ್ಕರ್, ಕಲ್ಕತ್ತಾದ ಡಾ. ಬಿಜಯ್ ಕುಮಾರ್ ಬಸು ಮತ್ತು ಡಾ. ದೇವೇಶ್ ಮುಖರ್ಜಿ ಜತೆಗಿದ್ದರು. ಐದನೆಯವರು ಸೊಲ್ಲಾಪುರದ ಕೋಟ್ನಿಸ್. 1938ರ ಸೆಪ್ಟೆಂಬರ್ 1ರಂದು ಮುಂಬೈ ಬಂದರಿನಿಂದ ರಾಜಪುತಾನಾ ಎಂಬ ಹಡಗು ಹೊರಟಾಗ ಕೋಟ್ನಿಸ್‌ಗೆ 28 ತುಂಬಲು ಇನ್ನೂ ಒಂದು ತಿಂಗಳು ಬಾಕಿ ಇತ್ತು. ಅವರು ಮತ್ತೆ ಈ ದಡ ಕಾಣಲಿಲ್ಲ.

ಸೆಪ್ಟೆಂಬರ್ 17ರಂದು ತಂಡ ಕ್ಯಾಂಟನ್ ತಲುಪಿತು. ಸನ್ ಯಾತ್ ಸೇನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಸ್ವಾಗತಿಸಿದರು. ಮುಂದಿನ ತಿಂಗಳೇ ಆ ನಗರ ಜಪಾನಿನ ವಶವಾಯಿತು. ತಂಡ ಒಳನಾಡಿಗೆ ಸರಿಯುತ್ತ ಚೋಂಗ್‌ಕಿಂಗ್ ಸೇರಿತು. ಅಲ್ಲಿ ಐವರೂ ಚೀನೀ ಹೆಸರು ಪಡೆದರು. ಪ್ರತಿ ಹೆಸರಿನ ಕೊನೆಗೆ ಚೀನಾವನ್ನು ಸೂಚಿಸುವ ಹುವಾ ಎಂಬ ಅಕ್ಷರ. ಕೋಟ್ನಿಸ್ ಅಲ್ಲಿಂದ ಕೆ ದಿಹುವಾ ಆದರು, ಬಸು ಬಾ ಸುಹುವಾ ಆದರು.

ಅಲ್ಲಿಂದ ಯೆನಾನ್‌ಗೆ ಹೊರಡುವ ಮೊದಲೇ ಸೊಲ್ಲಾಪುರದಿಂದ ಸುದ್ದಿ ಬಂತು. ತಂದೆ ತೀರಿಕೊಂಡಿದ್ದರು. ಮನೆಗೆ ಡಾಕ್ಟರ್ ಮಗನ ಅಗತ್ಯವಿತ್ತು. ಮರಳಿ ಹೋಗಲು ಜತೆಗಾರರು ಹೇಳಿದರೂ ಕೋಟ್ನಿಸ್ ಒಪ್ಪಲಿಲ್ಲ. ಹೊತ್ತ ಕೆಲಸ ಮುಗಿಯದೆ ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡರು. ಈ ನಿರ್ಧಾರ ಸುಲಭದ್ದಾಗಿರಲಿಲ್ಲ, ಅದರ ಬೆಲೆಯನ್ನು ಅವರ ಮನೆಯವರೂ ತೆತ್ತರು ಎಂಬುದನ್ನು ಮರೆಯಬಾರದು.

ರೋಗಿಯ ಬಳಿಗೆ ಡಾಕ್ಟರ್

1939ರ ಫೆಬ್ರವರಿ 12ರಂದು ತಂಡ ಯೆನಾನ್ ಮುಟ್ಟಿತು. ಗುಡ್ಡ ಕೊರೆದ ಗುಹೆಗಳೇ ಅಲ್ಲಿ ಮನೆ, ಅವೇ ಆಸ್ಪತ್ರೆ. ಕಾಯಿಲೆ, ಇತರ ಕಾರಣಗಳಿಂದ ಮೂವರು ಒಬ್ಬೊಬ್ಬರಾಗಿ ಭಾರತಕ್ಕೆ ಮರಳಿದರು. ಉಳಿದವರು ಕೋಟ್ನಿಸ್ ಮತ್ತು ಬಸು. ಇಬ್ಬರೂ 1940ರಲ್ಲಿ ಶತ್ರು ಸಾಲುಗಳನ್ನು ದಾಟಿ ಉತ್ತರ ಚೀನಾದ ಗುಡ್ಡಗಾಡಿಗೆ ಹೋದರು.

ಅದು ಕೆನಡಾದ ಪ್ರಸಿದ್ಧ ಸರ್ಜನ್ ನಾರ್ಮನ್ ಬೆಥೂನ್ ದುಡಿದ ನೆಲ. ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗೆ ಆದ ಗಾಯ ನಂಜಾಗಿ 1939ರ ನವೆಂಬರ್‌ನಲ್ಲಿ ಬೆಥೂನ್ ತೀರಿಹೋಗಿದ್ದರು. ಗಾಯಾಳು ಬರಲಿ ಎಂದು ಡಾಕ್ಟರ್ ಕಾಯಬಾರದು, ಗಾಯಾಳು ಇರುವಲ್ಲಿಗೇ ಡಾಕ್ಟರ್ ಹೋಗಬೇಕು ಎಂಬುದು ಬೆಥೂನ್ ಹಾಕಿಕೊಟ್ಟ ಪಾಠ. ಹೇಸರಗತ್ತೆಯ ಬೆನ್ನಿಗೆ ಕಟ್ಟಿ ಒಯ್ಯಬಹುದಾದ ಆಪರೇಷನ್ ಸಾಮಾನು, ಊರ ಗುಡಿಯಲ್ಲೋ ರೈತನ ಮನೆಯಲ್ಲೋ ದಿಢೀರನೆ ತೆರೆಯುವ ಶಸ್ತ್ರಚಿಕಿತ್ಸೆ ಕೋಣೆ, ಇವು ಆ ಪಾಠದ ರೂಪಗಳು.

ಕೋಟ್ನಿಸ್ ಈ ಪಾಠವನ್ನು ಮೈಗೂಡಿಸಿಕೊಂಡರು. 1940ರ ದೊಡ್ಡ ಕಾಳಗದ ಹೊತ್ತಿನಲ್ಲಿ ಹದಿಮೂರು ದಿನಗಳಲ್ಲಿ ಸುಮಾರು 800 ಗಾಯಾಳುಗಳು ಅವರ ಬಳಿ ಬಂದರು ಎಂದು ಚೀನಾದ ದಾಖಲೆಗಳು ಹೇಳುತ್ತವೆ. ಅವರಲ್ಲಿ 500ಕ್ಕೂ ಹೆಚ್ಚು ಮಂದಿಗೆ ಶಸ್ತ್ರಚಿಕಿತ್ಸೆ ಆಯಿತು. ನಿದ್ದೆ, ಊಟದ ಲೆಕ್ಕ ಇಡುವವರು ಯಾರೂ ಇರಲಿಲ್ಲ. ಜಪಾನಿನ ದಿಗ್ಬಂಧನದಿಂದಾಗಿ ಔಷಧಿ, ಅರಿವಳಿಕೆ ಎಲ್ಲಕ್ಕೂ ಬರ.

1941ರ ಜನವರಿಯಲ್ಲಿ ಅವರನ್ನು ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರನ್ನಾಗಿ ಮಾಡಲಾಯಿತು. ಆಗವರಿಗೆ ಮೂವತ್ತು ವರ್ಷ. ಅಷ್ಟರಲ್ಲಿ ಚೀನೀ ಭಾಷೆಯಲ್ಲೇ ಪಾಠ ಮಾಡುವಷ್ಟು ಕಲಿತಿದ್ದರು. ರೋಗಿಯ ಜತೆ ದುಭಾಷಿಯಿಲ್ಲದೆ ಮಾತಾಡುತ್ತಿದ್ದರು. ಹಳ್ಳಿಯವರಿಗೆ ಅವರು ಕೆ ಡಾಕ್ಟರ್, ಸೈನಿಕರಿಗೆ ಕಪ್ಪು ತಾಯಿ. ಮೈಬಣ್ಣವನ್ನೂ ಆರೈಕೆಯನ್ನೂ ಸೇರಿಸಿ ಇಟ್ಟ ಪ್ರೀತಿಯ ಹೆಸರದು.

ವೈದ್ಯನಿಗೇ ಬಂದ ಕಾಯಿಲೆ

ಬೆಥೂನ್ ಹೆಸರಿನ ವೈದ್ಯಕೀಯ ಶಾಲೆಯಲ್ಲಿ ನರ್ಸಿಂಗ್ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಕೋಟ್ನಿಸ್ 1941ರ ಕೊನೆಯಲ್ಲಿ ಮದುವೆಯಾದರು. 1942ರ ಆಗಸ್ಟ್ 23ರಂದು ಗಂಡುಮಗು ಹುಟ್ಟಿತು. ಸೇನಾನಿ ನೀ ರೋಂಗ್‌ಜೆನ್ ಮಗುವಿಗೆ ಇನ್‌ಹುವಾ ಎಂಬ ಹೆಸರು ಸೂಚಿಸಿದರು. ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಆದರೆ ಮನೆಯ ಸುಖ ಹೆಚ್ಚು ದಿನ ಉಳಿಯಲಿಲ್ಲ. ಕೋಟ್ನಿಸ್‌ಗೆ ಅದಾಗಲೇ ಮೂರ್ಛೆ ರೋಗ ಕಾಣಿಸಿಕೊಂಡಿತ್ತು. ಬೇರೆ ಕಡೆ ಹೋಗಿ ಚಿಕಿತ್ಸೆ ಪಡೆಯಲು ಹಿರಿಯರು ಹೇಳಿದರು. ರೋಗಿಗಳನ್ನೂ ವಿದ್ಯಾರ್ಥಿಗಳನ್ನೂ ಬಿಟ್ಟುಹೋಗಲು ಅವರು ಒಪ್ಪಲಿಲ್ಲ. ಹಗಲು ಶಸ್ತ್ರಚಿಕಿತ್ಸೆ ಮತ್ತು ಪಾಠ, ರಾತ್ರಿ ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಬರೆಯುವುದು, ಹೀಗೆ ಕೆಲಸ ಸಾಗಿತು. ಆ ಪುಸ್ತಕ ಅರ್ಧಕ್ಕೇ ನಿಂತಿತು. 1942ರ ಡಿಸೆಂಬರ್ 9ರ ಬೆಳಗ್ಗೆ, ಒಂದರ ಹಿಂದೊಂದು ಬಂದ ಫಿಟ್ಸ್‌ನಿಂದ ಕೋಟ್ನಿಸ್ ತೀರಿಕೊಂಡರು. ವಯಸ್ಸು 32. ಮಗುವಿಗೆ ಮೂರೂವರೆ ತಿಂಗಳು.

ಅವರ ಸಾವಿಗೆ ಮಾವೊ ತ್ಸೆ ತುಂಗ್ ಶೋಕ ಸಂದೇಶ ಬರೆದರು. ಉತ್ತರ ಚೀನಾದ ಷಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಾರಕದಲ್ಲಿ ಬೆಥೂನ್ ಮತ್ತು ಕೋಟ್ನಿಸ್ ಇಬ್ಬರ ಸಮಾಧಿಗಳೂ ಇವೆ. ಇಲ್ಲಿ ವಿ. ಶಾಂತಾರಾಮ್ 1946ರಲ್ಲಿ ಡಾ. ಕೋಟ್ನಿಸ್ ಕೀ ಅಮರ್ ಕಹಾನಿ ಚಿತ್ರ ತೆಗೆದು, ತಾವೇ ಕೋಟ್ನಿಸ್ ಪಾತ್ರ ಮಾಡಿದರು. ಹಿರಿಯ ತಲೆಮಾರಿಗೆ ಈ ಹೆಸರು ತಲುಪಿದ್ದು ಹೆಚ್ಚಾಗಿ ಆ ಚಿತ್ರದಿಂದಲೇ.

ಗೆಳೆಯ ತಂದ ಸೂಜಿ

ಇಲ್ಲಿಂದ ಕಥೆ ಬಸು ಅವರದು. ಅವರು 1943ರಲ್ಲಿ ಭಾರತಕ್ಕೆ ಮರಳಿದರು. ಐವರಲ್ಲಿ ಕೊನೆಗೆ ಬಂದವರು ಅವರೇ. ಆಗ ಬಂಗಾಳದಲ್ಲಿ ಭೀಕರ ಕ್ಷಾಮ.

ಅತ್ತ ಚೀನಾದಲ್ಲಿ ಒಂದು ಬದಲಾವಣೆ ಆಗುತ್ತಿತ್ತು. ಪಾಶ್ಚಾತ್ಯ ವೈದ್ಯ ಕಲಿತವರು ಹಳ್ಳಿ ವೈದ್ಯರ ಸೂಜಿಯನ್ನು ಕೀಳಾಗಿ ಕಾಣುತ್ತಿದ್ದ ಕಾಲವದು. ಔಷಧಿ ಸಿಗದ ಯುದ್ಧದ ದಿನಗಳು ಆ ಧೋರಣೆಯನ್ನು ಸಡಿಲಿಸಿದವು. 1945ರಲ್ಲಿ ಯೆನಾನ್‌ನ ಆಸ್ಪತ್ರೆ, ಅದೂ ಬೆಥೂನ್ ಹೆಸರು ಹೊತ್ತದ್ದೇ, ಅಕ್ಯುಪಂಕ್ಚರ್ ವಿಭಾಗ ತೆರೆಯಿತು. ಝು ಲಿಯಾನ್ ಎಂಬ ವೈದ್ಯೆ 1951ರಲ್ಲಿ ಹೊಸ ರೀತಿಯ ಪಠ್ಯ ಬರೆದು, ನರಗಳ ಭಾಷೆಯಲ್ಲಿ ಸೂಜಿಯನ್ನು ವಿವರಿಸಲು ಯತ್ನಿಸಿದರು. ಹಳ್ಳಿಯ ವಿದ್ಯೆ ಆಸ್ಪತ್ರೆಯೊಳಗೆ ಬಂತು.

ಬಸು 1958ರಲ್ಲಿ ಮತ್ತೆ ಚೀನಾಕ್ಕೆ ಹೋದಾಗ ಈ ವಿದ್ಯೆ ಕಲಿತರು. ವಯಸ್ಸು ಆಗ 46ರ ಆಸುಪಾಸು. ಯುದ್ಧಭೂಮಿಯಲ್ಲಿ ಹೆಸರು ಮಾಡಿದ ಅಲೋಪಥಿ ಡಾಕ್ಟರ್ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. 1959ರಲ್ಲಿ ಕಲ್ಕತ್ತಾದಲ್ಲಿ ಸೂಜಿ ಚಿಕಿತ್ಸೆ ಶುರು ಮಾಡಿದರು. ಭಾರತದಲ್ಲಿ ಆಧುನಿಕ ಅಕ್ಯುಪಂಕ್ಚರ್‌ನ ಆರಂಭ ಎಂದು ಗುರುತಿಸುವುದು ಇದನ್ನೇ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ನಂತರದ ನೋವಿಗೆ ಸೂಜಿ ಚುಚ್ಚಿಸಿಕೊಂಡು ಬರೆದ ಲೇಖನದಿಂದ ಪಶ್ಚಿಮ ಜಗತ್ತು ಇದರತ್ತ ತಿರುಗಿ ನೋಡಿದ್ದು 1971ರಲ್ಲಿ. ಕಲ್ಕತ್ತಾ ಅದಕ್ಕಿಂತ ಹನ್ನೆರಡು ವರ್ಷ ಮುಂದಿತ್ತು.

ನಡುವೆ 1962ರ ಯುದ್ಧ ಬಂತು. ಚೀನಾದ್ದೆಲ್ಲವನ್ನೂ ಅನುಮಾನದಿಂದ ನೋಡುವ ದಿನಗಳು ಬಂದವು. ಬಸು ಸೂಜಿ ಕೆಳಗಿಡಲಿಲ್ಲ. ಹೊಸ ವೈದ್ಯರಿಗೆ ಕಲಿಸಿದರು, ಕೋಟ್ನಿಸ್ ಸ್ಮಾರಕ ಸಮಿತಿಯ ಕೆಲಸವನ್ನೂ ಜತೆಜತೆಗೇ ನಡೆಸಿದರು. ಸೂಜಿಗೂ ಕೋಟ್ನಿಸ್ ಹೆಸರಿಗೂ ಗಂಟು ಬಿದ್ದದ್ದು ಇಲ್ಲಿಯೇ. 1975ರಲ್ಲಿ ಪಂಜಾಬಿನ ಲೂಧಿಯಾನಾದಲ್ಲಿ ಕೋಟ್ನಿಸ್ ಹೆಸರಿನ ಅಕ್ಯುಪಂಕ್ಚರ್ ಆಸ್ಪತ್ರೆ ಶುರುವಾಯಿತು. ಬಸು 1986ರಲ್ಲಿ ತೀರಿಕೊಂಡರು.

ಗೆಳೆಯನ ಸ್ಮಾರಕಕ್ಕೆ ಸೂಜಿಯೇ ಯಾಕೆ ಒಪ್ಪಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಸೂಜಿ ಚಿಕಿತ್ಸೆಗೆ ದುಬಾರಿ ಯಂತ್ರ ಬೇಡ, ಔಷಧಿ ಅಂಗಡಿಯೂ ಬೇಡ. ಸಾಮಾನೆಲ್ಲ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಡಾಕ್ಟರ್ ಅದನ್ನು ಹೊತ್ತು ಯಾವ ಹಳ್ಳಿಗೂ ಹೋಗಬಹುದು. ಕೋಟ್ನಿಸ್ ಹೇಸರಗತ್ತೆಯ ಮೇಲೆ ಆಸ್ಪತ್ರೆ ಒಯ್ದ ರೀತಿಗೆ ಇದು ಹತ್ತಿರದ್ದು.

ಸೂಜಿ ಹಾಕುವ ಮೊದಲು ಏನು ನಡೆಯುತ್ತದೆ?

ಒಳ್ಳೆಯ ಅಕ್ಯುಪಂಕ್ಚರ್ ಚಿಕಿತ್ಸಕರ ಬಳಿ ಹೋದವರಿಗೆ ಮೊದಲು ಕಾಣುವುದು ಮಾತು. ನೋವು ಎಲ್ಲಿ, ಯಾವಾಗ ಹೆಚ್ಚು, ಬಿಸಿ ತಾಗಿದರೆ ಹಿತವೋ ತಂಪೋ, ನಿದ್ದೆ ಹೇಗೆ, ಹೊಟ್ಟೆ ಹೇಗೆ ಎಂದೆಲ್ಲ ಕೇಳುತ್ತಾರೆ. ನಾಲಿಗೆ ನೋಡುತ್ತಾರೆ, ಎರಡೂ ಕೈಗಳ ನಾಡಿ ಹಿಡಿಯುತ್ತಾರೆ. ಮಂಡಿ ನೋವು ಎಂದು ಬಂದ ಇಬ್ಬರಿಗೆ ಒಂದೇ ಜಾಗದಲ್ಲಿ ಸೂಜಿ ಬೀಳಬೇಕೆಂದಿಲ್ಲ.

ಚೀನೀ ಪದ್ಧತಿಯ ಪ್ರಕಾರ ದೇಹದಲ್ಲಿ ಹದಿನಾಲ್ಕು ಮುಖ್ಯ ನಾಳಗಳ ಮೇಲೆ 361 ಬಿಂದುಗಳಿವೆ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಬಿಂದುವನ್ನು ತಲೆನೋವು, ಹಲ್ಲುನೋವಿಗೆ ಬಳಸುತ್ತಾರೆ. ಮಂಡಿಯ ಕೆಳಗೆ ಹೊರಬದಿಯ ಬಿಂದುವನ್ನು ಹೊಟ್ಟೆಯ ತೊಂದರೆಗೆ ಬಳಸುತ್ತಾರೆ. ಸೂಜಿ ಇಂಜೆಕ್ಷನ್ ಸೂಜಿಯಂತಲ್ಲ. ಕೂದಲಿನಷ್ಟು ತೆಳ್ಳಗೆ, ಒಳಗೆ ಟೊಳ್ಳಿಲ್ಲ. ಚುಚ್ಚಿದಾಗ ಜುಮ್ಮೆನ್ನುವ ಅಥವಾ ಭಾರವಾದ ಅನುಭವ ಆಗುತ್ತದೆ. ಸಾಮಾನ್ಯವಾಗಿ 20ರಿಂದ 30 ನಿಮಿಷ ಬಿಟ್ಟು ತೆಗೆಯುತ್ತಾರೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಹಳೆಯ ವಿವರಣೆ ಪ್ರಾಣಶಕ್ತಿಯ ಹರಿವು. ಇಂದಿನ ವಿಜ್ಞಾನಿಗಳು ನರಗಳ ಪ್ರಚೋದನೆ, ನೋವು ತಗ್ಗಿಸುವ ಎಂಡಾರ್ಫಿನ್ ಮುಂತಾದ ರಾಸಾಯನಿಕಗಳ ಬಗ್ಗೆ ಮಾತಾಡುತ್ತಾರೆ. ದೀರ್ಘಕಾಲದ ಸೊಂಟ ನೋವು, ಮಂಡಿಯ ಸವೆತದ ನೋವು, ಮೈಗ್ರೇನ್, ಶಸ್ತ್ರಚಿಕಿತ್ಸೆ ನಂತರದ ವಾಕರಿಕೆಯಲ್ಲಿ ಸ್ವಲ್ಪಮಟ್ಟಿನ ಉಪಯೋಗ ಕಂಡುಬಂದಿದೆ. ಎಲ್ಲ ಕಾಯಿಲೆಗೂ ಇದೇ ಮದ್ದು ಎಂದು ಹೇಳುವವರನ್ನು ನಂಬಬೇಡಿ. ಕೋಟ್ನಿಸ್ ಪ್ರಾಣ ತೆಗೆದ ಮೂರ್ಛೆ ರೋಗವನ್ನೇ ತೆಗೆದುಕೊಳ್ಳಿ. ಅದಕ್ಕೆ ಸೂಜಿ ಗುಣ ಕೊಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಇಂದು ಹೆಚ್ಚಿನವರಿಗೆ ಅದು ದಿನವೂ ನುಂಗುವ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಕೋಟ್ನಿಸ್ ಇದ್ದ ಗುಡ್ಡಗಾಡಿನಲ್ಲಿ ಔಷಧಿಗೇ ಬರವಿತ್ತು. ಸೂಜಿ ಚಿಕಿತ್ಸೆಗೆ ಹೋಗುವವರು ಫಿಟ್ಸ್, ಸಕ್ಕರೆ ಕಾಯಿಲೆ, ಬಿಪಿಯ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು.

ಕ್ಲಿನಿಕ್‌ಗೆ ಹೋಗುವ ಮುನ್ನ ಕೇಳಿ

ಪಶ್ಚಿಮ ಬಂಗಾಳ 1996ರಲ್ಲೇ ಅಕ್ಯುಪಂಕ್ಚರ್‌ಗೆ ಕಾಯ್ದೆ ತಂದಿತು. ಮಹಾರಾಷ್ಟ್ರದಲ್ಲಿ 2015ರ ಕಾಯ್ದೆ ಇದೆ, ಅದರಡಿ ಚಿಕಿತ್ಸಕರ ನೋಂದಣಿಗೆ ಪ್ರತ್ಯೇಕ ಮಂಡಳಿಯೂ ಇದೆ. ಹಾಗಾಗಿ ಠಾಣೆಯಲ್ಲಿರಲಿ, ಡೊಂಬಿವಲಿಯಲ್ಲಿರಲಿ, ನೋಂದಣಿ ಇದೆಯೇ ಎಂದು ಕೇಳುವುದು ರೋಗಿಯ ಹಕ್ಕು. ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು, ಒಮ್ಮೆ ಬಳಸಿ ಎಸೆಯಬೇಕು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು.

ನಿಮ್ಮ ಮಾತನ್ನು ಅರ್ಧಕ್ಕೇ ತಡೆಯದೆ ಕೇಳುವವರೇ, ತಮ್ಮಿಂದ ಆಗದ ಕಾಯಿಲೆ ಎಂದು ಗೊತ್ತಾದಾಗ ಆಸ್ಪತ್ರೆಗೆ ಕಳಿಸುವವರೇ ಎಂಬುದನ್ನೂ ಗಮನಿಸಿ. ರೋಗಿಯ ಭಾಷೆ ಕಲಿತು ಅವನ ಪಕ್ಕ ಕುಳಿತ ಕೋಟ್ನಿಸ್ ಹೆಸರು ಹೊತ್ತ ವಿದ್ಯೆಗೆ ಇಷ್ಟಾದರೂ ಬೇಕು.

ಉಳಿದದ್ದು ಏನು?

ಕೋಟ್ನಿಸ್ ಮಗ ಇನ್‌ಹುವಾ ತಂದೆಯ ದಾರಿಯಲ್ಲೇ ವೈದ್ಯಕೀಯ ಓದಲು ಹೋದರು. ಓದು ಮುಗಿಯುವ ಮೊದಲೇ 1967ರಲ್ಲಿ ತೀರಿಕೊಂಡರು. ಗುವೊ ಚಿಂಗ್‌ಲಾನ್ ಹಲವು ಬಾರಿ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡುಹೋದರು. 2012ರಲ್ಲಿ ಚೀನಾದಲ್ಲಿ ಅವರು ಕೊನೆಯುಸಿರೆಳೆದರು. ಚೀನಾ 1982ರಲ್ಲಿ, ಭಾರತ 1993ರಲ್ಲಿ ಕೋಟ್ನಿಸ್ ನೆನಪಿಗೆ ಅಂಚೆಚೀಟಿ ತಂದವು. 2006ರಲ್ಲಿ ಹು ಜಿಂಟಾವೊ, 2013ರಲ್ಲಿ ಲಿ ಕೆಚಿಯಾಂಗ್ ಮುಂಬೈಗೆ ಬಂದಾಗಲೂ ಕೋಟ್ನಿಸ್ ಕುಟುಂಬದವರನ್ನು ಭೇಟಿಯಾದರು. ಸೊಲ್ಲಾಪುರದಲ್ಲಿ ಅವರು ಬೆಳೆದ ಮನೆ ಈಗ ಸ್ಮಾರಕ.

ಊರಿಗೆ ಹೋಗುವ ರೈಲು ಸೊಲ್ಲಾಪುರದಲ್ಲಿ ನಿಂತಾಗ ಸಮಯವಿದ್ದರೆ ಇಳಿದು ಆ ಮನೆ ನೋಡಿ ಬನ್ನಿ. ಈ ಊರಿನಿಂದ ಹೊರಟ ಹುಡುಗ ಮರಳಲಿಲ್ಲ. ಅವನ ಜತೆಗಾರ ಮರಳಿ ಬಂದು, ಹದಿನಾರು ವರ್ಷದ ಬಳಿಕ, ಒಂದು ಹಿಡಿ ಸೂಜಿ ಹಿಡಿದು ರೋಗಿಗಳ ಪಕ್ಕ ಕುಳಿತ. ಡೊಂಬಿವಲಿಯ ಕ್ಲಿನಿಕ್‌ನಲ್ಲಿ ಇಂದು ಯಾರದೋ ಮಂಡಿಗೆ ಬೀಳುವ ಸೂಜಿಗೆ ಆ ಇಬ್ಬರ ಋಣವಿದೆ.